ಬಳಸಿದ ಮನೆಸಾಮಾನು

ಅಬ್ಬಾಸಿಯಾ, ಕುವೈತ್
೬ ನವೆಂಬರ್ ೨೦೨೫

ಪ್ರಿಯ ಚಂಪಾ,

ಅದರಲ್ಲಿ ಕಾಫಿ ಕಾಯಿಸಿದರೆ ಪಾತ್ರೆ, ಕಾಯಿಸದಿದ್ದರೆ... ಅಲ್ಲಿಂದ ಮುಂದೆ ನೀನು ಏನೋ ಹೇಳಿದ್ದೆ. ಹಿತ್ತಾಳೆಯ ದಲ್ಲಾವನ್ನು, ಅರಬರ ಆ ಕೊಕ್ಕಿನಂಥ ಮೂತಿಯ ಕಾಫಿ ಹೂಜಿಯನ್ನು, ಶುಕ್ರವಾರದ ಸಂತೆಯಿಂದ ತಂದ ದಿನ ಇರಬೇಕು. ಸುಂಕದ ಪಟ್ಟಿಯಲ್ಲಿ ಅದು ಪಾತ್ರೆಗಳ ಸಾಲಿಗೆ ಬರುತ್ತದೋ ಅಲಂಕಾರದ ಸಾಲಿಗೋ ಎಂದು ನಾನು ವಿವರಿಸುತ್ತಿದ್ದೆ. ನೀನು ಬಂಗುಡೆ ಹುರಿಯುತ್ತ, ತಿರುಗಿ ನೋಡದೆ ಉತ್ತರ ಕೊಟ್ಟೆ. ಅರ್ಧ ಮಾತ್ರ ನನ್ನಲ್ಲಿ ಉಳಿದಿದೆ.

ಮೊದಲು ಕ್ಷೇಮಸಮಾಚಾರ ಕೇಳಬೇಕಿತ್ತು. ಅತ್ತೆ ವಾಕರ್ ಬಿಟ್ಟು ನಡೆಯುತ್ತಿದ್ದಾರೆ ಎಂದು ಅನ್ವಿತಾ ಹೇಳಿದಳು, ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ಸೆಖೆ ಇಳಿದಿದೆ, ಏಸಿ ಇಲ್ಲದೆ ಮಲಗಬಹುದು. ಪೆಟ್ಟಿಗೆಗಳು ಬಂದವು ಎಂದಷ್ಟೇ ಫೋನಿನಲ್ಲಿ ಹೇಳಿ, ಉಳಿದದ್ದನ್ನು ಬರೆಯುತ್ತೇನೆ ಎಂದವನು ಇಷ್ಟು ತಡಮಾಡಿದೆ. ಕ್ಷಮಿಸು. ಫೋನಿನಲ್ಲಿ ನಮಗೆ ಮಾತಾಡಿ ಅಭ್ಯಾಸವಿರುವುದು ಅತ್ತೆಯ ಮಾತ್ರೆ ಮತ್ತು ಮಂಗಳೂರಿನ ಫ್ಲಾಟಿನ ಮೇಂಟೆನೆನ್ಸ್ ಬಗ್ಗೆ ಮಾತ್ರ. ನಮ್ಮ ಕ್ಲಿಯರಿಂಗ್ ಆಫೀಸಿನ ಸುಹೈಬ್ ನಾಳೆ ಊರಿಗೆ ಹೊರಟಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಪೆಟ್ಟಿಗೆಗಳಲ್ಲಿ ಬಂದ ಆ ಸಾಮಾನನ್ನು ಮೊದಲು ಊರಿಗೆ ಕಳಿಸಿದವರೂ ನಾವೇ. ಕಂಪೆನಿ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದ ವರ್ಷ ಗಾಜಿನ ಒಂಟೆ, ಪಿಂಗಾಣಿ ಕುದುರೆ, ದಲ್ಲಾ ಎಲ್ಲ ತೆಗೆದು ಶೋಕೇಸ್ ಖಾಲಿ ಮಾಡಿ ಕಾರ್ಗೋ ಹಾಕಿದೆವು. ಕಂಪೆನಿ ಮುಚ್ಚಲಿಲ್ಲ. ನಾವು ಇಲ್ಲಿ ಉಳಿದೆವು, ಶೋಕೇಸ್ ಖಾಲಿಯೇ ಉಳಿಯಿತು. ಮೇ ತಿಂಗಳಲ್ಲಿ ಅತ್ತೆಯ ಸೊಂಟದ ಆಪರೇಷನ್ನಿಗೆಂದು ನೀನು ಹೋದೆ. ಅತ್ತೆ ಎದ್ದು ನಡೆದರು, ನೀನು ಬರಲಿಲ್ಲ. ಯಾವಾಗ ಬರುತ್ತೀ ಎಂದು ನಾನು ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ನೀನು, "ಅಲ್ಲಿ ಶೋಕೇಸ್ ಖಾಲಿ ಉಂಟಲ್ಲ, ಸಾಮಾನು ವಾಪಸ್ ಕಳಿಸ್ತಿದ್ದೇನೆ" ಎಂದೆ. ಆಯಿತು ಎಂದು ನಾನಂದೆ. ಫೋನ್ ಇಟ್ಟ ಮೇಲೆ, ಅದರ ಅರ್ಥವೇನೆಂದು ಕೇಳಬಹುದಿತ್ತು ಎನಿಸಿತು. ಬರುವವರು ಸಾಮಾನು ಮುಂದೆ ಕಳಿಸುತ್ತಾರೆ. ಇನ್ನೊಬ್ಬರ ಸಾಮಾನನ್ನು ತಮ್ಮ ಮನೆಯಿಂದ ಹೊರಗೆ ಹಾಕುವವರೂ ಕಳಿಸುತ್ತಾರೆ. ಎರಡಕ್ಕೂ ಅದೇ ಕಾರ್ಗೋ.

ಸುಹೈಬನಿಗೆ ಇಂಥ ಸಂಶಯಗಳಿಲ್ಲ. "ಯಶಣ್ಣ, ಭಾಬಿ ಒಂಟೆ ಕುದುರೆ ಎಲ್ಲ ಕಳಿಸಿದ್ದಾರೆ ಅಂದ್ರೆ ಹಿಂದಿನಿಂದ ದಂಡು ಬಂತು ಅಂತಲೇ ಲೆಕ್ಕ. ನೀವು ಮೊದಲು ಆ ಫ್ರಿಡ್ಜ್ ತೊಳೀರಿ ಮಾರಾಯ್ರೆ" ಎಂದ. ಮರುಗಳಿಗೆಯಲ್ಲಿ ಇಕಾಮಾದ, ನಿನ್ನ ಇಲ್ಲಿಯ ವಾಸದ ಪರವಾನಗಿಯ, ಮಾತು ತೆಗೆದ. "ನವೆಂಬರ್ ಇಪ್ಪತ್ತಕ್ಕೆ ಅವರು ಹೋಗಿ ಆರು ತಿಂಗಳು ಆಗ್ತದೆ. ಅದರೊಳಗೆ ಇಲ್ಲಿ ಇಳೀದಿದ್ರೆ ಇಕಾಮಾ ಹೋಯ್ತು. ನಿಮ್ಮ ಸಂಬಳಕ್ಕೆ ಹೊಸ ಫ್ಯಾಮಿಲಿ ವೀಸಾ ಕೊಡುವುದಿಲ್ಲ, ಗೊತ್ತುಂಟಲ್ಲ?" ಗೊತ್ತುಂಟು ಎಂದೆ. ನಿನಗೂ ಗೊತ್ತಿದೆ. ಆದರೂ ನಾವಿಬ್ಬರೂ ಆ ತಾರೀಕಿನ ಹೆಸರೆತ್ತುವುದಿಲ್ಲ.

ಪೆಟ್ಟಿಗೆ ಬಿಡಿಸಲು ಶುವೈಖ್ ಬಂದರಿಗೆ ನಾನೇ ಹೋದೆ. ತಪಾಸಣೆಗೆ ಬಂದವಳು ಕಸ್ಟಮ್ಸಿನ ಹನಾನ್. ಹಿಂದೆ ನಿನಗೆ ಹೇಳಿದ್ದೇನೆ, ಖಡಕ್ ಹೆಂಗಸು, ಆದರೆ ನಾನು ಬರೆದುಕೊಟ್ಟ ವರ್ಗೀಕರಣವನ್ನು ಎರಡನೇ ಸಲ ನೋಡುವುದಿಲ್ಲ. ಗಾಜಿನ ಒಂಟೆಯನ್ನು ಬೆಳಕಿಗೆ ಹಿಡಿದು, ತನ್ನ ಅರೆ ಅರಬಿ ಅರೆ ಇಂಗ್ಲಿಷಿನಲ್ಲಿ ಕೇಳಿದಳು:

"ಯಾ ಯಶೋಧರ, ಏನು ಬರೆಯಲಿ? ಅಲಂಕಾರದ ಸಾಮಾನು ಅಂತಲೋ, ಬಳಸಿದ ಮನೆಸಾಮಾನು ಅಂತಲೋ?"

ನಿನಗೆ ಇದು ಬೇಸರದ ವಿಷಯ, ಆದರೂ ಹೇಳಬೇಕು. ಅಲಂಕಾರದ ಸಾಮಾನು ಆಮದಾದರೆ ಸುಂಕ ಕಟ್ಟಬೇಕು. ಮನೆಯವರು ಬಂದು ಇರುವಾಗ ತರುವ ಬಳಸಿದ ಸಾಮಾನಾದರೆ ವಿನಾಯಿತಿ ಕೇಳಬಹುದು. ಸುಂಕ ದೊಡ್ಡದೇನಲ್ಲ. ಆದರೆ ಉಳಿದ ಎಲ್ಲ ಕಡೆ ನಾನು ವಸ್ತುವನ್ನು ನೋಡಿ ಸಾಲು ಹುಡುಕುತ್ತೇನೆ: ಗಾಜೋ ಪಿಂಗಾಣಿಯೋ, ಅಡಿಗೆಗೋ ನೋಟಕ್ಕೋ. ಇಲ್ಲಿ ಮಾತ್ರ ವಸ್ತುವನ್ನು ಎಷ್ಟು ತಿರುಗಿಸಿ ನೋಡಿದರೂ ಉತ್ತರ ಸಿಗುವುದಿಲ್ಲ. ಜೊತೆಗೆ ಯಾರು ಬರುತ್ತಾರೆ ಎಂದು ನೋಡಬೇಕು.

"ಮದಾಮ್ ಬರ್ತಾರಲ್ಲ?" ಎಂದು ಹನಾನ್ ಕೇಳಿದಳು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಹೆಂಡತಿ ಯಾರದು, ನನ್ನದಾ?" ನಕ್ಕಳು. ನಾನು ನಗದಿರುವುದನ್ನು ಕಂಡು ದನಿ ತಗ್ಗಿಸಿದಳು. "ಊರವರ ಹೂದಾನಿಗೆಲ್ಲ ನನ್ನ ಜೊತೆ ಜಗಳ ಆಡ್ತೀಯ. ನಿನ್ನದು ಬಂದಾಗ ಬಾಯಿಲ್ಲ. ನಾನು ಚಹಾ ಕುಡಿದು ಬರ್ತೇನೆ. ಯಲ್ಲಾ, ಫೋನ್ ಮಾಡಿ ಕೇಳು."

ಫೋನ್ ಮಾಡಿದೆ. ನಿನಗಲ್ಲ, ಅನ್ವಿತಾಳಿಗೆ. ಮಣಿಪಾಲದ ಹಾಸ್ಟೆಲಿನಲ್ಲಿ ಅವಳು ಊಟಕ್ಕೆ ಕುಳಿತಿದ್ದಳು. ಅಮ್ಮ ಬರುವ ಬಗ್ಗೆ ಏನಾದರೂ ಹೇಳಿದಳಾ ಎಂದು ಕೇಳಿದರೆ, "ಪಪ್ಪಾ, ವೈ ಆರ್ ಯು ಆಸ್ಕಿಂಗ್ ಮೀ? ಆಸ್ಕ್ ಹರ್" ಎಂದಳು. ಅವಳಿಗೆ ಎಲ್ಲವೂ ಹೀಗೆ, ಎರಡೇ ಶಬ್ದ.

ಹನಾನ್ ಬರುವಷ್ಟರಲ್ಲಿ ನಾನು ಬರೆದಿದ್ದೆ. ಗಾಜಿನ ಅಲಂಕಾರ ಸಾಮಾನು, ಪಿಂಗಾಣಿಯದು, ಹಿತ್ತಾಳೆಯದು. ಸುಂಕ ಕಟ್ಟಿದೆ. ಅವಳು ಓದಿ, ನನ್ನ ಮುಖ ನೋಡಿ, "ಖಲಾಸ್, ನಿನ್ನಿಷ್ಟ" ಎಂದು ಮುದ್ರೆ ಒತ್ತಿದಳು.

ಖಚಿತವಾಗಿ ತಿಳಿಯದ್ದನ್ನು ಘೋಷಿಸಬಾರದು ಎಂಬುದು ಈ ಕೆಲಸ ನನಗೆ ಹಿಡಿಸಿದ ಅಭ್ಯಾಸ. ಬರುತ್ತಾಳೆ ಎಂದು ಬರೆದು ನೀನು ಬಾರದಿದ್ದರೆ ಅದು ಸುಳ್ಳು ಘೋಷಣೆ. ಬರುವುದಿಲ್ಲ ಎಂದು ಬರೆದು ನೀನು ಬಂದರೆ ಯಾರಿಗೂ ನಷ್ಟವಿಲ್ಲ. ಕೌಂಟರಿನ ಮುಂದೆ ನಿಂತಾಗ ಇದು ಸರಿಯಾದ ತರ್ಕವಾಗಿತ್ತು. ಪೆಟ್ಟಿಗೆಗಳನ್ನು ಹೇರಿಕೊಂಡು ಬರುವಾಗ, ನಾಲ್ಕನೇ ರಿಂಗ್ ರೋಡಿನ ಸಿಗ್ನಲಿನಲ್ಲಿ, ಅದು ಹಾಗೆ ಕಾಣಲಿಲ್ಲ. ನಿನ್ನ ಪರವಾಗಿ, ನಿನ್ನನ್ನು ಕೇಳದೆ, ಒಂದು ದೇಶದ ಸರಕಾರಕ್ಕೆ ನೀನು ಬರುವುದಿಲ್ಲ ಎಂದು ತಿಳಿಸಿ ಬಂದಿದ್ದೆ.

ಸಾಮಾನೆಲ್ಲ ಈಗ ಶೋಕೇಸಿನಲ್ಲಿದೆ. ನೀನು ಜೋಡಿಸುತ್ತಿದ್ದ ಕ್ರಮ ನೆನಪಾಗಲಿಲ್ಲ, ಎತ್ತರದ ಪ್ರಕಾರ ಇಟ್ಟಿದ್ದೇನೆ, ಅಂಗಡಿಯಂತೆ ಕಾಣುತ್ತದೆ. ಒಂಟೆಯ ಸುತ್ತ ಸುತ್ತಿದ್ದ ಬಟ್ಟೆಯನ್ನು ಹನಾನ್ ಎತ್ತಿ ತೋರಿಸಿದಾಗ ಪ್ಯಾಕಿಂಗ್ ಎಂದಿದ್ದೆ. ನಮ್ಮ ನಿಯಮದಲ್ಲಿ ಪ್ಯಾಕಿಂಗಿಗೆ ಬೇರೆ ಸಾಲಿಲ್ಲ, ಅದು ಒಳಗಿನ ವಸ್ತುವಿನ ಜೊತೆಗೇ ಹೋಗುತ್ತದೆ. ಮನೆಗೆ ತಂದು ಬಿಡಿಸಿದರೆ ಅದು ನಿನ್ನ ಬೂದು ಸ್ವೆಟರ್. ಕಳೆದ ಜನವರಿಯಲ್ಲಿ ಅದರ ನಡುವಿನ ಗುಂಡಿ ಉದುರಿ, ಚಳಿ ಮುಗಿಯುವವರೆಗೂ ನೀನು ಪಿನ್ನು ಚುಚ್ಚಿಕೊಂಡು ಓಡಾಡಿದೆ. ಈಗ ಅಲ್ಲಿ ಗುಂಡಿ ಇದೆ. ಬಣ್ಣ ಸ್ವಲ್ಪ ಬೇರೆ, ಹೊಲಿಗೆ ಗಟ್ಟಿ. ಮಂಗಳೂರಿನಲ್ಲಿ ಯಾರೂ ಸ್ವೆಟರ್ ಹಾಕುವುದಿಲ್ಲ. ಬೇಡವಾಗಿ ಕಳಿಸಿದ್ದಾದರೆ ಗುಂಡಿ ಯಾಕೆ ಎಂದು ಯೋಚಿಸುತ್ತೇನೆ. ಅತ್ತೆಯ ಪಕ್ಕ ಕುಳಿತು ಸುಮ್ಮನೆ ಹೊತ್ತು ಕಳೆಯಲು ಹೊಲಿದಿರಬಹುದು ಎಂದೂ ಯೋಚಿಸುತ್ತೇನೆ. ಅದನ್ನು ಮಡಚಿ ಕಪಾಟಿನ ನಿನ್ನ ಕಡೆ ಇಟ್ಟೆ.

ಅತ್ತೆಗೆ ನಮಸ್ಕಾರ ತಿಳಿಸು. ಅನ್ವಿತಾಳಿಗೆ ನನ್ನ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರೆಯಲಿ. ನೀನು ಕಣ್ಣಿನ ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬೇಡ. ದೇವರು ನಿಮ್ಮೆಲ್ಲರನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ
ಯಶೋಧರ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯದೆ ಬಿಟ್ಟದ್ದು. ಅಂದು ಫೋನಿನಲ್ಲಿ ಅನ್ವಿತಾ "ಆಸ್ಕ್ ಹರ್" ಎಂದಷ್ಟಕ್ಕೇ ನಿಲ್ಲಿಸಲಿಲ್ಲ. "ನೀವು ಅಮ್ಮನಿಗೆ ಒನ್ ವೇ ಟಿಕೆಟ್ ಮಾಡಿದ್ದು. ಶೀ ಈಸ್ ಸ್ಟಿಲ್ ವೇಟಿಂಗ್ ಫಾರ್ ಯು ಟು ಸೇ ಸಮ್‌ಥಿಂಗ್" ಎಂದಳು. ಅತ್ತೆ ಯಾವಾಗ ಏಳುತ್ತಾರೋ ಗೊತ್ತಿಲ್ಲ, ವಾಪಸಿನ ತಾರೀಕು ಏನೆಂದು ಹಾಕುವುದು ಎಂದುಕೊಂಡು ಮಾಡಿಸಿದ ಟಿಕೆಟ್ ಅದು. ವಿಮಾನ ನಿಲ್ದಾಣದಲ್ಲಿ ನೀನು ಅದನ್ನು ಓದಿ, ಮಡಚಿ, ಪರ್ಸಿಗೆ ಹಾಕಿಕೊಂಡದ್ದು ನನಗೆ ಕಂಡಿತ್ತು. ಒಂದು ಮಾತು ಹೇಳುತ್ತೇನೆ ಎಂದು ನೀನು ಕಾಯುತ್ತಿದ್ದುದು ಕಾಣಲಿಲ್ಲ. ಹದಿನೆಂಟರ ವಿಮಾನದಲ್ಲಿ ಸೀಟು ಉಂಟು ಎಂದು ಸುಹೈಬ್ ನೋಡಿ ಹೇಳಿದ. ಈ ಕಾಗದ ಕೊಟ್ಟು ನಿಮ್ಮ ಮನೆಯಿಂದ ಹೊರಡುವ ಮೊದಲು ಅವನು ನಿನ್ನ ಕೈಯಿಂದ ಉತ್ತರ ಪಡೆದು ನನಗೆ ತಿಳಿಸುತ್ತಾನಂತೆ. ಇಷ್ಟು ವರ್ಷ ಜೊತೆಗಿದ್ದೂ ಇದನ್ನು ನಿನ್ನಲ್ಲಿ ಬಾಯಿಬಿಟ್ಟು ಕೇಳುವ ಪ್ರಸಂಗ ಬಂದಿರಲಿಲ್ಲ, ಅಥವಾ ಬಂದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಇಲ್ಲಿಗೆ, ನನ್ನ ಜೊತೆ ಇರಲಿಕ್ಕೆ, ಬರುತ್ತೀಯಾ ಚಂಪಾ?