ಮೆಟ್ಟಿಲ ಕೆಳಗಿನ ಗೊಂಬೆ

ಹೊಲಿಗೆ ಅಂಗಡಿಯಿಂದ,
ಬುಧವಾರ, ಬೆಳಗಿನ ಚಹಾ ಆದ ಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಉಸಿರು ಈಗಲೂ ಅರ್ಧಕ್ಕೇ ನಿಲ್ಲುತ್ತದೆಯೇ? ಎದೆಗೆ ಏನೋ ಬಿಗಿದ ಹಾಗೆ ಎನ್ನುತ್ತಿದ್ದೆಯಲ್ಲ, ಡಾಕ್ಟರು ಎಷ್ಟು ಸಲ ನೋಡಿದರೂ ಏನೂ ಸಿಗಲಿಲ್ಲವೆಂದು ನಿನ್ನ ಮಗಳು ಫೋನಿನಲ್ಲಿ ಬೇಜಾರು ಮಾಡಿಕೊಳ್ಳುತ್ತಾಳೆ. ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ, ಮಾತೂ ಬೇಡವಂತೆ. ಒಂದು ಕಾಲಕ್ಕೆ ನಿನ್ನ ಬಾಯಿ ಮುಚ್ಚಿಸಲು ಅಮ್ಮ ತುಟಿಗಳ ನಡುವೆ ಗುಂಡುಸೂಜಿ ಕೊಟ್ಟು ಕೂರಿಸುತ್ತಿದ್ದಳು, ನೆನಪಿದೆಯೇ? ಸೂಜಿ ಕಚ್ಚಿಕೊಂಡೇ ಊರ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದವಳು ನೀನು! ನಮ್ಮನೆಯವರು ಆರಾಮಾಗಿದ್ದಾರೆ, ಅವರ ಗೊರಕೆಯೂ ಆರಾಮಾಗಿದೆ. ನಾನೂ ಚೆನ್ನಾಗಿದ್ದೇನೆ. ಇದನ್ನು ಬಾಯುಪಚಾರಕ್ಕೆ ಬರೆಯುತ್ತಿಲ್ಲ. ಹೇಗೆ ಚೆನ್ನಾದೆ ಎಂದು ನಿನಗೆ ಹೇಳಲೇಬೇಕು, ಅದಕ್ಕೇ ಈ ಪತ್ರ.

ನನಗೂ ಮುಟ್ಟು ನಿಂತಿತು, ಅಕ್ಕಾ. ಕೆಲವು ತಿಂಗಳು ಕಣ್ಣಾಮುಚ್ಚಾಲೆ ಆಡಿ ಕೊನೆಗೆ ಹೇಳದೆ ಕೇಳದೆ ಹೊರಟೇಹೋಯಿತು. ಗಿರಾಕಿಯ ಸೊಂಟಕ್ಕೆ ಟೇಪು ಹಿಡಿದು ನಿಂತಿರುವಾಗಲೇ ಎದೆಯಿಂದ ಕಿವಿಯವರೆಗೆ ಧಗ್ಗೆಂದು ಬಿಸಿ ಏರುತ್ತದೆ. ಬೆವರು ಬಟ್ಟೆಯ ಮೇಲೆ ಬೀಳಬಾರದೆಂದು ಹಿಂದೆ ಸರಿಯುತ್ತೇನೆ. ಮರುಗಳಿಗೆಗೆ ಚಳಿ. “ಫ್ಯಾನ್ ಹಾಕಿದ್ರೆ ಚಳಿ ಅಂತೀಯ, ಆರಿಸಿದ್ರೆ ಸೆಕೆ ಅಂತೀಯ, ನಾನು ಸ್ವಿಚ್ಚಿನ ಕೆಳಗೇ ಹಾಸಿಗೆ ಹಾಕ್ಕೊಳ್ಲಾ?” ಎಂದು ಇವರು ಕೇಳಿದರು. ನಗು ಬಂತು, ಅಳುವೂ ಬಂತು. ಇಷ್ಟು ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಮುಂದಿನದು ನಿನ್ನನ್ನು ಬಿಟ್ಟರೆ ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ನನ್ನ ಗೊಂಬೆ ಬೆಳೆಯತೊಡಗಿತು.

ಅಮ್ಮ ಮಾಡಿಟ್ಟ ಕಟ್ಟುನಿಟ್ಟಿನ ಪದ್ಧತಿಯನ್ನು ನಾವಿಬ್ಬರೂ ಬಿಟ್ಟವರಲ್ಲ. ಈ ಅಂಗಡಿಯಲ್ಲಿ ಕತ್ತರಿ ಹಿಡಿಯುವ ಹೆಂಗಸು ಮೊದಲು ತನ್ನ ಮೈಯಳತೆಗೆ ಒಂದು ಗೊಂಬೆ ಮಾಡಿಕೊಳ್ಳಬೇಕು. ತಲೆಯಿಲ್ಲ, ಕೈಯಿಲ್ಲ, ಮರದ ಕಾಲು, ಬಟ್ಟೆಯ ಮೈ, ಒಳಗೆ ಹತ್ತಿ. “ನಿನ್ನ ಮೈ ನಿಂಗೇ ಗೊತ್ತಿಲ್ದೆ ಇನ್ನೊಬ್ರ ಬಟ್ಟೆಗೆ ಕತ್ತರಿ ಹಾಕ್ಬೇಡ” ಎನ್ನುತ್ತಿದ್ದಳು. ಹೆರಿಗೆಯಾದ ಮೇಲೆ ಸೊಂಟಕ್ಕೆ ಹತ್ತಿ ತುಂಬಿದೆವು, ಜ್ವರ ಬಂದು ಇಳಿದಾಗ ತೆಗೆದೆವು. ಅದೆಲ್ಲ ನಮ್ಮ ಕೈಯಿಂದಲೇ ಆದದ್ದು. ಈ ಸಲ ಹಾಗಲ್ಲ. ಒಂದು ಬೆಳಗ್ಗೆ ಷಟರ್ ಎತ್ತಿ ನೋಡಿದರೆ ಗೊಂಬೆಯ ಸೊಂಟದ ಹೊಲಿಗೆ ಬಿಗಿದು ನಿಂತಿದೆ. ಇಲಿ ಸೇರಿಕೊಂಡಿದೆ ಎಂದುಕೊಂಡು ಬಿಚ್ಚಿದೆ. ಹತ್ತಿ ಬಿಟ್ಟರೆ ಏನೂ ಇಲ್ಲ. ನಾನು ಎಂದೂ ತುಂಬದಿದ್ದ ಹೊಸ ಹತ್ತಿ. ಮುಟ್ಟಿದರೆ ಬೆಚ್ಚಗಿತ್ತು. ಕುತ್ತಿಗೆಯ ಹಿಂದೆ ಬಟ್ಟೆ ಒದ್ದೆಯಾಗಿತ್ತು, ನನ್ನದು ಒದ್ದೆಯಾಗುವ ಜಾಗದಲ್ಲೇ.

ಆಗ ನೀನು ಅಂಗಡಿ ಬಿಟ್ಟು ಹೋದ ದಿನ ನೆನಪಾಯಿತು. ಆಗ ನಿನಗೂ ಇದೇ ವಯಸ್ಸು. ನೀನು ನಿನ್ನ ಗೊಂಬೆಯನ್ನು ಮೆಟ್ಟಿಲ ಕೆಳಗಿನ ಗೂಡಿಗೆ ನೂಕಿ ಬೀಗ ಹಾಕಿ, ಕೀಲಿಯನ್ನು ಗುಂಡಿಯ ಡಬ್ಬಿಯಲ್ಲಿ ಹಾಕಿ, “ಅದು ಬೆಳೀತಿದೆ ಕಣೇ, ನೀನು ಮುಟ್ಬೇಡ” ಎಂದೆ. ನಿನ್ನ ದೊಡ್ಡ ಕತ್ತರಿಯನ್ನೂ ಬಿಟ್ಟು ಮಗಳ ಮನೆ ಸೇರಿದೆ. ಅಕ್ಕನಿಗೆ ತಲೆ ಕೆಟ್ಟಿದೆ ಎಂದರು ಎಲ್ಲರೂ. ನನಗೂ ಹಾಗೆ ಅನ್ನುತ್ತಾರೆಂದು ಹೆದರಿ, ಯಾರಿಗೂ ಹೇಳದೆ, ಬೆಳಿಗ್ಗೆ ಬಂದ ಕೂಡಲೇ ಗೊಂಬೆಯ ಹೊಲಿಗೆ ಬಿಚ್ಚಿ ಹತ್ತಿ ಕಿತ್ತು, ಮದುವೆಯಾದ ಹೊಸದರ ಅಳತೆಗೆ ಬಿಗಿದು ಹೊಲಿಯತೊಡಗಿದೆ. ಕಿತ್ತ ದಿನವೆಲ್ಲ ನನಗೆ ಕೈಕಾಲು ಸೋಲುತ್ತಿತ್ತು. ದನಿ ಗಂಟಲಲ್ಲೇ ಉಳಿಯುತ್ತಿತ್ತು. ಗಿರಾಕಿ ಬೈದರೆ ಹೂಂಗುಟ್ಟುತ್ತಿದ್ದೆ. ನಾನು, ಅಕ್ಕಾ! ಮರುದಿನ ನೋಡಿದರೆ ಗೊಂಬೆ ಮತ್ತೆ ತುಂಬಿಕೊಂಡು, ಭುಜ ಇನ್ನಷ್ಟು ಅಗಲವಾಗಿ, ನನ್ನ ಕುರ್ಚಿಯ ಕಡೆ ತಿರುಗಿ ನಿಂತಿರುತ್ತಿತ್ತು. ತಲೆಯಿಲ್ಲದ್ದು ನೋಡುವುದು ಹೇಗೆ ಅನ್ನಬೇಡ. ನೋಡುತ್ತಿತ್ತು. ಅಂಗಡಿ ಮುಚ್ಚಿಬಿಡೋಣವೆಂದು ಇವರಿಗೆ ಹೇಳಿಯೂ ಆಗಿತ್ತು.

ಮುಚ್ಚುವ ಮುಂಚೆ ಧೂಳು ಹೊಡೆಯೋಣವೆಂದು ಮೂಲೆಯ ಅಮ್ಮನ ಗೊಂಬೆಯನ್ನು ಈಚೆಗೆ ತಂದೆ. ಅದು ಮಾತ್ರ ತಣ್ಣಗಿತ್ತು. ಸಣ್ಣ ಸೊಂಟ, ಇಳಿದ ಭುಜ, ಅವಳು ಕೊನೆಯ ಸಲ ಅಳೆದಿಟ್ಟ ಹಾಗೆಯೇ. ಅಮ್ಮ ಈ ವಯಸ್ಸಿಗೆ ಬರಲೇ ಇಲ್ಲವಲ್ಲ, ಅಕ್ಕಾ. ಬಂದಿದ್ದರೆ ಹೇಳಿಕೊಡುತ್ತಿದ್ದಳು. ಅದನ್ನು ತಬ್ಬಿಕೊಂಡು ಅತ್ತೆ. ಅವಳಿಗೆ ಸಿಗದೇ ಹೋದದ್ದು ನನಗೆ ಬಂದಿದೆ, ನಾನೋ ಅದನ್ನು ದಿನವೂ ಕಿತ್ತು ಕಸಕ್ಕೆ ಹಾಕುತ್ತಿದ್ದೇನೆ ಅನ್ನಿಸಿ ಮೈ ಜುಮ್ಮೆಂದಿತು.

ಅಂದಿನಿಂದ ಹತ್ತಿ ಕೀಳಲಿಲ್ಲ. ಭಯವಾಗಲಿಲ್ಲ ಎನ್ನಲಾರೆ. ಆದರೂ ಗೊಂಬೆ ಹೇಗಿದೆಯೋ ಹಾಗೇ ಅಳೆದು, ಆ ಅಳತೆಗೆ ನನಗೊಂದು ಕೋಟು ಕತ್ತರಿಸಿದೆ. ಕಡು ಕೆಂಪು ಉಣ್ಣೆ, ಯಾರಿಗೋ ಎಂದು ಇಷ್ಟು ವರ್ಷ ಎತ್ತಿಟ್ಟಿದ್ದೆವಲ್ಲ, ಅದೇ. ಹೊಲಿಯುವಾಗ ನನಗೆ ಬಿಸಿ ಏರಿದರೆ ಗೊಂಬೆಯೂ ಬಿಸಿಯಾಗುತ್ತಿತ್ತು, ನನ್ನದು ಇಳಿದರೆ ಅದರದೂ ಇಳಿಯುತ್ತಿತ್ತು. ತೊಟ್ಟು ನೋಡಿದಾಗ ಭುಜ ದೊಗಲೆಯಾಗುತ್ತದೆ ಎಂದುಕೊಂಡಿದ್ದೆ. ಎಲ್ಲೂ ಒಂದು ಎಳೆ ಹೆಚ್ಚಿರಲಿಲ್ಲ. ಇಷ್ಟು ನೆಟ್ಟಗೆ ನಾನು ಯಾವಾಗ ನಿಂತೆನೋ! ಮಧ್ಯಾಹ್ನ ಜಗಳಗಂಟಿ ಗಿರಾಕಿ ಬಂದು ದನಿಯೇರಿಸಿದಳು. “ನೀವು ಕೊಟ್ಟ ಅಳತೆ ತಪ್ಪು, ನಿಂತ್ಕೊಳ್ಳಿ, ನಾನೇ ಅಳೀತೀನಿ” ಎಂದೆ. ನನ್ನ ದನಿಗೆ ಗಾಜಿನ ಬಾಗಿಲು ಝುಮ್ಮೆಂದಿತು. ಅವಳು ತೆಪ್ಪಗೆ ನಿಂತಳು. ಇವರು ನನ್ನನ್ನು ನೋಡಿ, “ಏನೋ ಬದಲಾಗಿದೆ, ಏನೂಂತ ಗೊತ್ತಾಗ್ತಿಲ್ಲ” ಎಂದು ಸ್ವಲ್ಪ ದೂರವೇ ಕೂತರು. ಆಮೇಲೆ ಹತ್ತಿರ ಬಂದರು ಬಿಡು. ಅಂಗಡಿ ಮುಚ್ಚುವುದಿಲ್ಲ. ಗೊಂಬೆ ಈಗ ಬಾಗಿಲ ಪಕ್ಕ ನಿಂತಿದೆ, ಬೆಳಿಗ್ಗೆ ಅದರ ಭುಜ ಮುಟ್ಟಿಯೇ ಕೆಲಸ ಶುರು ಮಾಡುತ್ತೇನೆ.

ನಿನ್ನ ಮಗಳನ್ನೂ ಅಳಿಯನನ್ನೂ ಕೇಳಿದೆನೆಂದು ಹೇಳು. ನಿನ್ನ ಕೈಬೆರಳಿಗೆ ಎಣ್ಣೆ ಹಚ್ಚಿಸಿಕೊ, ಮರಗಟ್ಟಲು ಬಿಡಬೇಡ. ನೀನು ಎಷ್ಟು ಬೈದರೂ ನಿನಗೇ ಅಂಟಿಕೊಳ್ಳುವ,

ನಿನ್ನ ತಂಗಿ

ಮರೆತಿದ್ದೆ: ನಿನ್ನೆ ಗುಂಡಿಯ ಡಬ್ಬಿಯಿಂದ ಕೀಲಿ ತೆಗೆದು ಮೆಟ್ಟಿಲ ಕೆಳಗಿನ ಗೂಡು ತೆರೆದೆ. ನಿನ್ನ ಗೊಂಬೆಯ ಎದೆಗೆ ಸೊಂಟಕ್ಕೆ ಪಟ್ಟಿ ಸುತ್ತಿ ಸುತ್ತಿ ಬಿಗಿದು ಹೊಲಿದಿತ್ತು. ಹೊಲಿಗೆ ನಿನ್ನದೇ, ಗುರುತು ಸಿಕ್ಕಿತು. ಇಷ್ಟು ವರ್ಷ ಕತ್ತಲಲ್ಲಿದ್ದರೂ ಬೆಚ್ಚಗಿತ್ತು. ಊಟದ ಹೊತ್ತಿಗೆ ನಿನ್ನ ಕತ್ತರಿಯಿಂದಲೇ ಪಟ್ಟಿಗಳನ್ನೆಲ್ಲ ಕತ್ತರಿಸಿದೆ. ಈ ಪತ್ರ ಮಡಿಸುತ್ತಿರುವಾಗ ನಿನ್ನ ಮಗಳ ಫೋನು ಬಂತು: “ಚಿಕ್ಕಮ್ಮಾ, ನಿನ್ನೆ ಊಟದ ಹೊತ್ತಲ್ಲಿ ಅಮ್ಮ ಇದ್ದಕ್ಕಿದ್ದ ಹಾಗೆ ಉದ್ದಕ್ಕೆ ಉಸಿರೆಳ್ಕೊಂಡು ಎದ್ದು ನಿಂತ್ಲು. ಆಗಿಂದ ಮನೆಯೆಲ್ಲ ಓಡಾಡ್ತಾ, ನನ್ನ ಕತ್ತರಿ ಎಲ್ಲಿ, ನನ್ನ ಕತ್ತರಿ ಎಲ್ಲಿ ಅಂತಿದಾಳೆ.” ನನ್ನ ಹತ್ತಿರ ಇದೆ, ಅಕ್ಕಾ. ಸಾಣೆ ಹಿಡಿಸಿಟ್ಟಿದ್ದೇನೆ, ಬಂದು ತಗೋ.