ಎತ್ತಿಕೊಳ್ಳಲೋ, ಇಳಿಸಲೋ

ನನ್ನ ಅತ್ತೆಗೆ, ಸುಮಾಳ ನಮಸ್ಕಾರ.

ಆ ದಿನ ಕೂಡ್ಲಿಗಿಯ ಆಸ್ಪತ್ರೆಯಿಂದ ಬಂದವಳೇ ನಮ್ಮ ಗೌರಿಯನ್ನು ಚಾಪೆಯ ಮೇಲೆ ಮಲಗಿಸಿ, ಥೆರಪಿ ಮೇಡಂ ತೋರಿಸಿದ ಹಾಗೆ ಹಿಮ್ಮಡಿ ಹಿಡಿದು ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದೆ. ಅವಳು ಕಿರುಚಿದಳು. ನೀವು ಒಲೆಯ ಮುಂದಿನಿಂದ ಓಡಿ ಬಂದಿರಿ. "ಕೈ ತಗಿ! ಕೂಸಿನ ಕಾಲು ಮುರೀಬೇಕಂತ ಮಾಡೀಯೇನು?" ಎಂದು ಅವಳನ್ನು ಸೊಂಟಕ್ಕೇರಿಸಿಕೊಂಡು ಬೀದಿಗೆ ಹೋಗಿಬಿಟ್ಟಿರಿ. ಮೂರು ವರ್ಷದ ಕೂಸು. ಕೂರಿಸಿದರೆ ವಾಲುತ್ತಿದ್ದಳು, ನಿಲ್ಲಿಸಿದರೆ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದವು. ಇದು ಸೆರೆಬ್ರಲ್ ಪಾಲ್ಸಿ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಮೇಡಂ ಬಿಡಿಸಿ ಹೇಳಿದರು: "ಕಾಲಿನಾಗ ಐಬಿಲ್ರಿ. ಮಿದುಳಿನ ಹುಕುಂ ಕಾಲಿಗೆ ಸರಿಯಾಗಿ ಮುಟ್ಟಾಂಗಿಲ್ಲ. ಪೂರಾ ವಾಸಿ ಆಗ್ತೈತಿ ಅಂತ ನಾ ಹೇಳಾಂಗಿಲ್ಲ. ದಿನಾ ಮಾಡಿಸಿದ್ರ ಸಲೀಸಾಗ್ತೈತಿ." ನಾನು ಯಾರ ಮಾತು ಕೇಳಬೇಕಿತ್ತು? ಅವರದೋ, ನಿಮ್ಮದೋ, ಅಳುವ ಗೌರಿಯದೋ...

ಗೌರಿ ಹಿಡಿದು ನಿಲ್ಲಲಿ ಎಂದು ನಿಮ್ಮ ಮಗ ಹಿತ್ತಿಲಲ್ಲಿ ಎರಡು ಬಿದಿರು ಅಡ್ಡ ಕಟ್ಟಿದ ಸಂಜೆ, ನೀವು ಅದನ್ನೇ ನೋಡುತ್ತ ನಿಂತಿದ್ದಿರಿ. ಅವರು ಒಳಗೆ ಹೋದ ಮೇಲೆ ನನ್ನ ಪಕ್ಕ ಕುಳಿತು, "ನಿನ್ನ ಗಂಡನಿಗಿಂತ ಮೊದಲ ಒಬ್ಬಾವ ಹುಟ್ಟಿದ್ದ," ಎಂದಿರಿ. "ಅವನವೂ ಇಂಥವೇ ಕಾಲು. ಹಿರೇಹಡಗಲಿ ತವರಿಗೆ ಹೋದ್ರೂ ಬಗಲಾಗ, ಹೊಲಕ್ಕ ಹೋದ್ರೂ ಬಗಲಾಗ. ಒಂದಿನಾನೂ ಅಳಸಲಿಲ್ಲ. ಏಳು ವರ್ಷಕ್ಕ ಜ್ವರ ಬಂದು ಹೋದ." ಅಷ್ಟು ವರ್ಷ ಈ ಮನೆಯಲ್ಲಿದ್ದೂ ನನಗೆ ಅವನ ಹೆಸರೂ ಗೊತ್ತಿರಲಿಲ್ಲ. ಕೇಳಬೇಕೆಂದುಕೊಂಡೆ. ಆಗಲೇ ನೀವು ಎದ್ದು ಹೋಗಿದ್ದಿರಿ.

ಮುಂದಿನ ಸಲ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲು ಬಸ್ಸು ಹತ್ತಿದವರು ನೀವು. ಕೂಡ್ಲಿಗಿಯಲ್ಲಿ ಮೇಡಂ ಗೌರಿಯನ್ನು ದೊಡ್ಡ ಚೆಂಡಿನ ಮೇಲೆ ಕೂರಿಸಿ ಆಡಿಸುವಾಗ ಪಕ್ಕದಲ್ಲೇ ಕುಳಿತು ನೋಡಿದಿರಿ. ಹೊರಡುವಾಗ ಒಮ್ಮೆಲೇ ಕೇಳಿದಿರಿ: "ಎತ್ತಿಕೊಂಡೇ ಇದ್ದದ್ದು ತಪ್ಪಾತೇನ್ರಿ? ಇಳಿಸಿದ್ರ ನಮ್ಮ ಹುಡುಗ ನಡೀತಿದ್ನೇನು?" ಮೇಡಂ ನಿಮ್ಮ ಕೈ ಹಿಡಿದುಕೊಂಡರು. "ನನಗ ಗೊತ್ತಿಲ್ಲಜ್ಜಿ," ಅಂದರು, ಅಷ್ಟೇ.

ಮರುದಿನದಿಂದ ಗೌರಿಯ ಪಾದ ಹಿಡಿಯುವ ಕೆಲಸ ನಿಮ್ಮದಾಯಿತು. "ಯಾರ ಕಾಲಿದು? ರಾಣಿ ಕಾಲೇನು?" ಎಂದು ಮಾತಾಡಿಸುತ್ತ ಬಾಗಿಸುತ್ತಿದ್ದಿರಿ. ನನ್ನ ಕೈಯಲ್ಲಿ ಅಳುತ್ತಿದ್ದವಳು ನಿಮ್ಮ ಕೈಯಲ್ಲಿ ನಗುತ್ತಿದ್ದಳು. ಅದನ್ನು ನೀವು ಅವಳಿಗಾಗಿ ಮಾಡಿದಿರೋ, ಆ ಹುಡುಗನಿಗಾಗಿಯೋ? ಕೇಳುವ ಧೈರ್ಯ ಬರುವಷ್ಟರಲ್ಲಿ ನೀವೇ ಕಣ್ಮುಚ್ಚಿದಿರಿ. ಆ ಕೆಲಸಕ್ಕೆ ನಾನೊಬ್ಬಳೇ ಆದ ಮೇಲೆ ಎಷ್ಟೋ ದಿನ ಬೆಳಗ್ಗೆ ನನಗೆ ಗೊಂದಲ: ಇವತ್ತು ಮಾಡಿಸಲೇ, ಪಾಪ ಬಿಡಲೇ...

ಅತ್ತೆ, ಈಗ ಅವಳಿಗೆ ಐದು ವರ್ಷ. ಮೊನ್ನೆ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಪಡಸಾಲೆಯ ಗೋಡೆ ಹಿಡಿದು ಹೊರಟವಳು ಅರ್ಧದಲ್ಲೇ ದೊಪ್ಪನೆ ಬಿದ್ದಳು. ನಾನು ಎದ್ದೆ. ಓಡಲೇ, ನಿಲ್ಲಲೇ ತಿಳಿಯಲಿಲ್ಲ. "ನೀ ಬರಬ್ಯಾಡ," ಎಂದಳು ತೊದಲುತ್ತ. ಮೊಣಕಾಲೂರಿ, ಗೋಡೆ ಹಿಡಿದು, ಜಾರಿ, ಮತ್ತೆ ಹಿಡಿದು ಎದ್ದಳು. ಹಿಮ್ಮಡಿ ಇನ್ನೂ ಪೂರ್ತಿ ನೆಲ ಮುಟ್ಟುವುದಿಲ್ಲ. ವಾಲುತ್ತ ವಾಲುತ್ತ ನನ್ನ ಮುಂದೆ ಬಂದು ನಿಂತಳು. ಆಮೇಲೆ ಎರಡೂ ಕೈ ಚಾಚಿ, "ಅವ್ವಾ, ಈಗ ಎತ್ಕೋ," ಎಂದಳು.

ಹಿಟ್ಟಿನ ಕೈಯಲ್ಲೇ ಎತ್ತಿಕೊಂಡೆ, ಅತ್ತೆ.

ನಿಮ್ಮ ಸೊಸೆ,
ಸುಮಾ