ಕುರಿಗಳು ಮಲಗಿದ ಜಾಗ

ಉಗಾರ ಬುದ್ರುಕ

ಮುತ್ಯಾ, ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದೆ ಎಂದುಕೋ. ಅಕಾಲದ ಮಳೆಗೆ ನಮ್ಮ ಕಡೆಯ ಹುಲ್ಲೆಲ್ಲ ಕೊಳೆತದ್ದರಿಂದ ಈ ಸಲ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಬಂದಿದ್ದೇವೆ. ಇಲ್ಲಿ ಕಬ್ಬಿನ ಹೊಲಗಳು ಸವಳಾಗಿ, ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿವೆ.

ನಿನ್ನೆ ರಾತ್ರಿ ಇಲ್ಲಿಯ ರೈತ ವಿರುಪಾಕ್ಷಪ್ಪನವರು ಗೊಬ್ಬರಕ್ಕೆಂದು ತಮ್ಮ ಕಬ್ಬು ಕಡಿದ ಹೊಲದಲ್ಲಿ ನಮ್ಮ ಕುರಿ ನಿಲ್ಲಿಸಿಕೊಂಡರು. ನಮ್ಮ ಕುರಿಗಳೋ, ಮಲಗುವುದು ಬಿಟ್ಟು ಮಣ್ಣು ನೆಕ್ಕುತ್ತ ನಿಂತವು! ಗಂಟಲು ಹರಿಯುವಂತೆ ಬೈದೆ. ಕೊನೆಗೆ ಎಲ್ಲವೂ ಬದುವಿನ ಪಕ್ಕದ ಒಂದೇ ಪಟ್ಟಿಗೆ ಹೋಗಿ ಒತ್ತೊತ್ತಾಗಿ ಮಲಗಿದವು.

ಬೆಳಿಗ್ಗೆ ಅವರ ಹೆಂಡತಿ ಕಾಳವ್ವ ನೋಡಿ, "ಹೋದ ವರ್ಷ ನಾ ಜಗಳಾ ಮಾಡಿ ರವದಿ ಸುಡಾಕ ಬಿಡದ ಜಾಗಾ ಅದ ನೋಡ್ರಿ" ಎಂದು ಗಂಡನಿಗೆ ತೋರಿಸಿದರು. ರವದಿ ಎಂದರೆ ಕಬ್ಬಿನ ಒಣ ಎಲೆ; ಅದು ಅಲ್ಲೇ ಕೊಳೆತು, ಅಷ್ಟು ಮಣ್ಣು ಮಾತ್ರ ಕಪ್ಪಗೆ, ಮೆತ್ತಗಿತ್ತು. ವಿರುಪಾಕ್ಷಪ್ಪನವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿದರು.

ಉಪ್ಪು ನೆಕ್ಕಿದರೂ ಕುರಿಗಳು ಆರಾಮ ಇವೆ. ನೀನು ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು ಮರೆಯಬೇಡ.

ಈಗ ಒಲೆ ಹಚ್ಚಲು ಕಡ್ಡಿಪೆಟ್ಟಿಗೆ ಕೇಳಿದೆ. ವಿರುಪಾಕ್ಷಪ್ಪನವರು ಅಂಗಿಯ ಕಿಸೆಯಿಂದ ತೆಗೆದು ಕೊಟ್ಟರು: "ನೀನ ಇಟ್ಕೊ ತಂಗಿ. ಹೊಲಕ್ಕ ಇನ್ನ ಬೇಕಾಗೂದಿಲ್ಲ."

ನಿನ್ನ ಮೊಮ್ಮಗಳು
ಮನಿಷಾ